ಜತ್ತದ ಕುರಿಯೂ ಜೀವಶಾಸ್ತ್ರದ ಹೊಸ ಅಕ್ಷರಮಾಲೆಯೂ

ಜೈವಿಕ ತಂತ್ರಜ್ಞಾನ, ಅಣುಜೀವಶಾಸ್ತ್ರ ಎಂಬ ಮಾತುಗಳು ಈಗ ಶಾಲೆಯ ಮಕ್ಕಳ ಬಾಯಲ್ಲೂ ಕೇಳಿಬರುತ್ತವೆ. ಪುಸ್ತಕದಲ್ಲಿ ಡಿ.ಎನ್.ಎ. ಎಂಬ ಹೆಸರು ಕಂಡ ಹುಡುಗ ಮನೆಗೆ ಬಂದು 'ಅಪ್ಪಾ, ಹಾಗೆಂದರೆ ಏನು?' ಎಂದು ಕೇಳಿದರೆ, ನಮ್ಮಲ್ಲಿ ಹೆಚ್ಚಿನವರು 'ನಿಮ್ಮ ಮಾಷ್ಟ್ರಲ್ಲಿ ಕೇಳು' ಎಂದು ಪತ್ರಿಕೆಯ ಹಿಂದೆ ಮುಖ ಮರೆಸಿಕೊಳ್ಳುತ್ತೇವೆ. ವಿಷಯ ಅಷ್ಟು ಕಠಿಣವಾದದ್ದೆಂದು ಇದರ ಅರ್ಥವಲ್ಲ. ಅದನ್ನು ವಿವರಿಸುವವರು ಸಾಮಾನ್ಯವಾಗಿ ಪ್ರಯೋಗಶಾಲೆಯ ಗಾಜಿನ ಕೊಳವೆಯಿಂದ ಆರಂಭಿಸುತ್ತಾರೆ. ನಾವು ಇಂದು ಒಂದು ಕುರಿಹಟ್ಟಿಯಿಂದ ಆರಂಭಿಸೋಣ. ಅದೂ ನಮ್ಮಂತೆಯೇ ಅನ್ಯಭಾಷೆಯ ರಾಜ್ಯದೊಳಗಿದ್ದು ಕನ್ನಡವಾಡುವ ಒಂದು ಸೀಮೆಯ ಕುರಿಹಟ್ಟಿಯಿಂದ.

ಮಾಡಗ್ಯಾಳದ ಕುರಿ

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಮೂಡಣ ಅಂಚಿನಲ್ಲಿದೆ ಜತ್ತ ತಾಲೂಕು. ಅದರ ಪೂರ್ವಕ್ಕೆ ವಿಜಯಪುರ ಜಿಲ್ಲೆ, ದಕ್ಷಿಣಕ್ಕೆ ಅಥಣಿ. ಉಮದಿ, ಸಂಖ ಮೊದಲಾದ ಊರುಗಳಲ್ಲಿ ಮನೆಮಾತು ಕನ್ನಡ. ದಾನಮ್ಮದೇವಿಯ ಗುಡ್ಡಾಪುರ ಇರುವುದೂ ಇದೇ ತಾಲೂಕಿನಲ್ಲಿ. ಡಫಳೆ ಮನೆತನದವರ ಸಂಸ್ಥಾನವಾಗಿದ್ದ ಜತ್ತ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ, ನೆರೆಯ ಬಿಜಾಪುರ ಮೈಸೂರು ರಾಜ್ಯಕ್ಕೆ ಬಂದು ಜತ್ತ ಮಾತ್ರ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಆದುದರಿಂದ ಆ ಸೀಮೆಯವರು ನಮಗೆ ದೂರದವರಾದರೂ ಪರಕೀಯರಲ್ಲ.

ಆದರೆ ನೆಲ ಮಾತ್ರ ನಮ್ಮದಕ್ಕೆ ತೀರ ಬೇರೆ. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅಲ್ಲಿ ಐದಾರು ನೂರು ಬಿದ್ದರೆ ಅದೇ ಒಳ್ಳೆಯ ವರ್ಷ. ಜೋಳ, ಸಜ್ಜೆ ಅಲ್ಲಿನ ಹಳೆಯ ಬೆಳೆ. ನೀರು ಕಂಡವರು ದ್ರಾಕ್ಷಿ, ದಾಳಿಂಬೆ ಬೆಳೆಯುತ್ತಾರೆ. ಮ್ಹೈಸಾಳ ಏತ ನೀರಾವರಿಯಿಂದ ಕೃಷ್ಣೆಯ ನೀರು ತಾಲೂಕಿನ ಕೆಲವು ಭಾಗಗಳಿಗೆ ಬಂದಿದೆ. ಬಾರದ ಕಡೆ ಬಡವನಿಗೆ ಕುರಿಯೇ ಬೇಂಕು. ಮಗಳ ಮದುವೆಗೆ, ಮಗನ ಕಾಲೇಜಿಗೆ, ಆಸ್ಪತ್ರೆಯ ಖರ್ಚಿಗೆ ಹಿಂಡಿನಿಂದ ಒಂದೆರಡು ತಲೆ ಸಂತೆಗೆ ಹೋಗುತ್ತವೆ.

ಈ ತಾಲೂಕಿನ ಮಾಡಗ್ಯಾಳ ಎಂಬ ಊರು ಒಂದು ಕುರಿತಳಿಗೆ ಹೆಸರು ಕೊಟ್ಟಿದೆ. ಎತ್ತರದ ನಿಲುವು, ಬಿಳಿಯ ಮೈಮೇಲೆ ಕಂದು ಮಚ್ಚೆ, ಗಿಣಿಯ ಕೊಕ್ಕಿನಂತೆ ಬಾಗಿದ ಮೂಗು. ಬೇಗ ಬೆಳೆಯುವ ಕುರಿಯಾದುದರಿಂದ ಮಾಂಸದ ಸಂತೆಯಲ್ಲಿ ಅದಕ್ಕೆ ಒಳ್ಳೆಯ ಬೆಲೆ. ಮೂಗು ಎಷ್ಟು ಬಾಗಿದೆಯೋ ಟಗರಿಗೆ ಬೆಲೆ ಅಷ್ಟು ಹೆಚ್ಚು. 2020ರಲ್ಲಿ ಅದೇ ಜಿಲ್ಲೆಯ ಆಟಪಾಡಿಯ ಜಾತ್ರೆಯಲ್ಲಿ ಈ ತಳಿಯ ಒಂದು ಟಗರಿಗೆ 70 ಲಕ್ಷ ರೂಪಾಯಿ ಕೇಳಿದರೂ ಒಡೆಯ ಕೊಡಲಿಲ್ಲವೆಂಬ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು.

ಇಷ್ಟು ಚೆಂದದ ಕುರಿಗೂ ಒಂದು ಕೊರತೆ ಇದೆ. ದಖ್ಖನದ ಕುರಿಗಳೆಲ್ಲದರಂತೆ ಅದೂ ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ ಹಾಕುತ್ತದೆ. ಅವಳಿ ಮರಿ ಅಪರೂಪ. ಹಿಂಡು ಬೆಳೆಸಬೇಕೆನ್ನುವ ಕುರುಬನಿಗೆ ಇದೇ ತೊಡಕು. ಮೂಗು ಕಣ್ಣಿಗೆ ಕಾಣುತ್ತದೆ, ಮಚ್ಚೆ ಕಾಣುತ್ತದೆ, ಎತ್ತರವನ್ನು ಅಳೆಯಬಹುದು. ಈ ಟಗರಿನ ಹೆಣ್ಣುಮರಿಗಳು ಮುಂದೆ ಅವಳಿ ಈಯುವವೋ ಇಲ್ಲವೋ ಎಂಬುದು ಟಗರಿನ ಯಾವ ಅಂಗದಲ್ಲಿ ಕಾಣಬೇಕು? ಟಗರು ತಾನಂತೂ ಈಯುವುದಿಲ್ಲ! ಅದರ ಹೆಣ್ಣುಮರಿಗಳು ಬೆಳೆದು, ಗಬ್ಬವಾಗಿ, ಒಂದೆರಡು ಸೂಲು ಈಯುವ ತನಕ ಕಾಯಬೇಕು. ಅಷ್ಟರಲ್ಲಿ ಮೂರು ವರ್ಷ ಕಳೆದು ಟಗರು ಮುದಿಯಾಗಿರುತ್ತದೆ, ಇಲ್ಲವೆ ಸಂತೆ ಕಂಡಿರುತ್ತದೆ.

ಈ ಪ್ರಶ್ನೆಗೆ ಉತ್ತರ ಕೊಟ್ಟದ್ದು ಅಣುಜೀವಶಾಸ್ತ್ರ. ಹೇಗೆ ಎಂದು ತಿಳಿಯಲು ಅದರ ಅಕ್ಷರಮಾಲೆಯನ್ನು ಒಮ್ಮೆ ಕಲಿಯಬೇಕು. ಹೆದರುವ ಕಾರಣವಿಲ್ಲ. ಕನ್ನಡದ ವರ್ಣಮಾಲೆಯಲ್ಲಿ ಐವತ್ತರಷ್ಟು ಅಕ್ಷರಗಳಿದ್ದರೆ ಇದರಲ್ಲಿ ಇರುವುದು ನಾಲ್ಕೇ.

ಜೀವಕೋಶದೊಳಗಿನ ಹೊತ್ತಗೆ

ಕುರಿಯಾಗಲಿ, ಮನುಷ್ಯನಾಗಲಿ, ತೆಂಗಿನ ಮರವಾಗಲಿ, ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಮನೆ ಕಟ್ಟಿದಂತೆ ಜೀವಕೋಶಗಳಿಂದ ಆದವು. ಒಂದೊಂದು ಕೋಶದೊಳಗೂ ಒಂದು ಕೇಂದ್ರ. ಆ ಕೇಂದ್ರದೊಳಗೆ ನೂಲಿನಂಥ ವರ್ಣತಂತುಗಳು. ಮನುಷ್ಯನಲ್ಲಿ ಇವು 46, ಅಂದರೆ 23 ಜೋಡಿ. ಕುರಿಯಲ್ಲಿ 54, ಅಂದರೆ 27 ಜೋಡಿ. ಪ್ರತಿಯೊಂದು ಜೋಡಿಯಲ್ಲಿ ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ ಬಂದದ್ದು.

ಈ ವರ್ಣತಂತುವಿನ ಒಳಗೆ ಸುತ್ತಿಕೊಂಡಿರುವ ಉದ್ದನೆಯ ದಾರವೇ ಡಿ.ಎನ್.ಎ. ಅದು ಎರಡೆಳೆಯ ಹುರಿ, ತಿರುಚಿದ ಏಣಿಯಂತೆ. ಅದರ ರೂಪವನ್ನು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಎಂಬವರು ಜಗತ್ತಿಗೆ ತಿಳಿಸಿದರು. ರೋಸಲಿಂಡ್ ಫ್ರಾಂಕ್ಲಿನ್ ಎಂಬ ಮಹಿಳೆಯ ಎಕ್ಸರೇ ಚಿತ್ರಗಳು ಅವರಿಗೆ ದಾರಿ ತೋರಿಸಿದ್ದವು. ಈ ಏಣಿಯ ಮೆಟ್ಟಿಲುಗಳು ನಾಲ್ಕು ಬಗೆಯ ರಾಸಾಯನಿಕಗಳಿಂದ ಆದವು. ಅವುಗಳಿಗೆ ಎ, ಟಿ, ಜಿ, ಸಿ ಎಂದು ಗುರುತಿನ ಹೆಸರು. ಎ ಎದುರಿಗೆ ಟಿ, ಜಿ ಎದುರಿಗೆ ಸಿ. ಈ ನಿಯಮ ತಪ್ಪುವುದಿಲ್ಲ. ಆದುದರಿಂದ ಒಂದು ಎಳೆ ಗೊತ್ತಿದ್ದರೆ ಇನ್ನೊಂದನ್ನು ಬರೆದುಬಿಡಬಹುದು. ಜೀವಕೋಶ ಎರಡಾಗುವಾಗ ಹೊತ್ತಗೆಯ ನಕಲು ಆಗುವುದೂ ಹೀಗೆಯೇ.

ಕುರಿಯ ಈ ಹೊತ್ತಗೆಯಲ್ಲಿ ಇನ್ನೂರೈವತ್ತು ಕೋಟಿಗೂ ಮಿಕ್ಕಿದ ಅಕ್ಷರಗಳಿವೆ. ಅದರೊಳಗೆ ಅಲ್ಲಲ್ಲಿ ಒಂದೊಂದು ಅರ್ಥವುಳ್ಳ ಪಾಠ. ಆ ಪಾಠಕ್ಕೆ ಜೀನು ಎಂದು ಹೆಸರು, ವಂಶವಾಹಿ ಎಂದೂ ಹೇಳುವುದುಂಟು. ಪಾಠ ಓದಿ ಕೋಶ ಮಾಡುವ ವಸ್ತುವೇ ಪ್ರೋಟೀನು. ಮಾಂಸಖಂಡ, ಕೂದಲು, ರಕ್ತದ ಕೆಂಪು, ಜೀರ್ಣರಸ ಇವೆಲ್ಲದರ ಹಿಂದೆ ಇರುವುದು ಪ್ರೋಟೀನೇ.

ಓದುವ ಕ್ರಮವೂ ಸರಳ. ಡಿ.ಎನ್.ಎ. ಎಂಬ ಮೂಲಪ್ರತಿ ಕೇಂದ್ರ ಬಿಟ್ಟು ಹೊರಬರುವುದಿಲ್ಲ. ರಿಜಿಸ್ಟ್ರಾರ್ ಕಚೇರಿಯ ಮೂಲ ದಸ್ತಾವೇಜು ಅಲ್ಲೇ ಉಳಿದು ನಕಲು ಮಾತ್ರ ನಮ್ಮ ಕೈಗೆ ಬರುವಂತೆ, ಆರ್.ಎನ್.ಎ. ಎಂಬ ನಕಲು ಹೊರಬರುತ್ತದೆ. ಅದನ್ನು ಮೂರು ಮೂರು ಅಕ್ಷರಗಳ ಪದವಾಗಿ ಓದಿ, ಒಂದೊಂದು ಪದಕ್ಕೆ ಒಂದೊಂದು ಅಮೈನೋ ಆಮ್ಲವನ್ನು ಮಣಿಯಂತೆ ಪೋಣಿಸುತ್ತ ಹೋದರೆ ಪ್ರೋಟೀನಿನ ಸರ ಸಿದ್ಧ. ಯಾವ ಪದಕ್ಕೆ ಯಾವ ಮಣಿ ಎಂಬ ನಿಘಂಟನ್ನು ಬಿಡಿಸಿದವರಲ್ಲಿ ಭಾರತದಲ್ಲಿ ಹುಟ್ಟಿದ ಹರಗೋವಿಂದ ಖೊರಾನಾ ಒಬ್ಬರು. 1968ರಲ್ಲಿ ಅವರಿಗೂ ನಿರೆನ್‌ಬರ್ಗ್, ಹಾಲಿ ಎಂಬವರಿಗೂ ಕೂಡಿ ನೊಬೆಲ್ ಬಹುಮಾನ ಬಂತು.

ಒಂದಕ್ಷರ ಬದಲಾದಾಗ

'ಕರು' ಎಂಬಲ್ಲಿ ಒಂದಕ್ಷರ ಬದಲಿಸಿದರೆ 'ಮರು' ಆಗುತ್ತದೆ. ಅರ್ಥವೇ ಬೇರೆ. ಜೀವದ ಹೊತ್ತಗೆಯಲ್ಲೂ ಹೀಗೆ ಅಪರೂಪಕ್ಕೆ ಅಕ್ಷರ ಪಲ್ಲಟವಾಗುವುದುಂಟು. ಅನೇಕ ಸಲ ಅದರಿಂದ ಏನೂ ಆಗುವುದಿಲ್ಲ, ಕೆಲವು ಸಲ ರೋಗ ಬರುತ್ತದೆ. ಎಲ್ಲೋ ಒಮ್ಮೆ ಮಾತ್ರ ಉಪಯೋಗಕ್ಕೆ ಬರುವ ಗುಣವೂ ಹುಟ್ಟುತ್ತದೆ.

ಕುರಿಯ ಆರನೆಯ ವರ್ಣತಂತುವಿನ ಮೇಲೆ ಒಂದು ಜೀನು ಇದೆ. ಅದು ಮಾಡುವ ಪ್ರೋಟೀನು ಐನೂರರಷ್ಟು ಮಣಿಗಳ ಸರ. ಅಂಡಾಶಯದಲ್ಲಿ ಮೊಟ್ಟೆಯ ಸುತ್ತಲಿರುವ ಕೋಶಗಳ ಮೇಲೆ ಅದು ಕಾವಲುಗಾರನಂತೆ ಕುಳಿತು, ಹೊರಗಿಂದ ಬಂದ ಸಂದೇಶವನ್ನು ಹಿಡಿದು ಒಳಗೆ ಮುಟ್ಟಿಸುತ್ತದೆ. 'ಬಲಿಯಲು ಅವಸರ ಮಾಡಬೇಡ' ಎಂಬುದು ಆ ಸಂದೇಶದ ಸಾರ. ಹೀಗಾಗಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆ ಪೂರ್ತಿ ಬಲಿತು ಹೊರಬರುತ್ತದೆ.

ಕೆಲವು ಕುರಿಗಳಲ್ಲಿ ಈ ಪಾಠದ 746ನೆಯ ಅಕ್ಷರ ಎ ಇರುವ ಬದಲು ಜಿ ಆಗಿದೆ. ಆದುದರಿಂದ 249ನೆಯ ಪದ ಸಿ-ಎ-ಜಿ ಎಂದಿರಬೇಕಾದದ್ದು ಸಿ-ಜಿ-ಜಿ ಆಗಿದೆ. ಗ್ಲುಟಮಿನ್ ಎಂಬ ಮಣಿಯ ಜಾಗದಲ್ಲಿ ಆರ್ಜಿನಿನ್ ಎಂಬ ಮಣಿ ಬಂದು ಕೂತಿತು. ಕಾವಲುಗಾರನ ಕಿವಿ ಮಂದವಾಯಿತು. ಮೊಟ್ಟೆಗಳು ಬೇಗ ಬಲಿತು ಒಂದರ ಬದಲು ಎರಡು, ಕೆಲವೊಮ್ಮೆ ಮೂರು ಹೊರಬರತೊಡಗಿದವು. ಇನ್ನೂರೈವತ್ತು ಕೋಟಿ ಅಕ್ಷರಗಳಲ್ಲಿ ಒಂದೇ ಒಂದು ಬದಲಾಗಿ ಹಟ್ಟಿಯಲ್ಲಿ ಅವಳಿ ಮರಿ! ಈ ಬದಲಾದ ಜೀನಿಗೆ ವಿಜ್ಞಾನಿಗಳು ಫೆಕ್-ಬಿ ಎಂದು ಹೆಸರಿಟ್ಟಿದ್ದಾರೆ.

ಬಂಗಾಳದಿಂದ ಆಸ್ಟ್ರೇಲಿಯಕ್ಕೆ

ಈ ಜೀನಿನ ಚರಿತ್ರೆಯೂ ಸ್ವಾರಸ್ಯವಾಗಿದೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತದಲ್ಲಿ ಬೂರೂಲಾ ಎಂಬ ಹೆಸರಿನ ಕುರಿಸಾಕಣೆ ಇತ್ತು. ಅಲ್ಲಿನ ಮೆರಿನೋ ಕುರಿಗಳು ಎರಡು, ಮೂರು, ಕೆಲವು ಸಲ ಇನ್ನೂ ಹೆಚ್ಚು ಮರಿ ಹಾಕುತ್ತಿದ್ದವು. 1950ರ ದಶಕದಲ್ಲಿ ಅಲ್ಲಿನ ಕೆಲವು ಕುರಿಗಳು ಸರಕಾರಿ ಸಂಶೋಧಕರ ಕೈ ಸೇರಿದವು. ಒಂದೇ ಜೀನಿನ ಮಹಿಮೆ ಇದು ಎಂದು 1980ರ ಸುಮಾರಿಗೆ ಅವರು ಊಹಿಸಿದರು. ಆ ಒಂದಕ್ಷರವನ್ನು ಮೂರು ಬೇರೆ ಬೇರೆ ತಂಡಗಳು ಕಂಡುಹಿಡಿದದ್ದು 2001ರಲ್ಲಿ.

ಹಾಗಾದರೆ ಅದು ಆಸ್ಟ್ರೇಲಿಯದ ಸೊತ್ತೇ? ಅಲ್ಲ. ನಮ್ಮ ಬಂಗಾಳದ ಸುಂದರಬನದಲ್ಲಿ ಗರೋಲ್ ಎಂಬ ಗಿಡ್ಡ ಕುರಿ ಇದೆ. ಬೆಳೆದ ಹೆಣ್ಣುಕುರಿಯ ತೂಕ ಹನ್ನೆರಡು ಕಿಲೋ ಆಸುಪಾಸು. ಕೆಸರು ನೆಲದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಮೇಯುವ ಈ ಬಡಪಾಯಿ ಅವಳಿ ತ್ರಿವಳಿ ಈಯುವುದರಲ್ಲಿ ಹೆಸರುವಾಸಿ. 1790ರ ದಶಕದಲ್ಲಿ ಕಲ್ಕತ್ತೆಯಿಂದ ಹಡಗೇರಿ ಬಂಗಾಳದ ಕುರಿಗಳು ಆಸ್ಟ್ರೇಲಿಯಕ್ಕೆ ಹೋಗಿದ್ದವು. 2002ರಲ್ಲಿ ಗರೋಲ್ ಕುರಿಯ ರಕ್ತ ಪರೀಕ್ಷಿಸಿದಾಗ ಅದರಲ್ಲೂ ಅದೇ ಅಕ್ಷರ, ಅದೇ ಜಾಗದಲ್ಲಿ ಸಿಕ್ಕಿತು. ಬೂರೂಲಾದ ಸಂಪತ್ತು ಹೊರಟದ್ದು ಬಂಗಾಳದಿಂದ ಎಂಬ ಅಭಿಪ್ರಾಯ ಬಲವಾದದ್ದು ಹೀಗೆ.

ಫಲಟಣದಲ್ಲಿ ನಡೆದ ಕೆಲಸ

ಸಾಂಗಲಿಗೆ ತಾಗಿಕೊಂಡಿರುವ ಸಾತಾರಾ ಜಿಲ್ಲೆಯ ಫಲಟಣದಲ್ಲಿ ಬಿ. ವಿ. ನಿಂಬಕರರು 1968ರಲ್ಲಿ ಸ್ಥಾಪಿಸಿದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆ ಇದೆ. ಗರೋಲ್ ಕುರಿಯನ್ನು ದಖ್ಖನಕ್ಕೆ ತರಿಸಿ, ಅದರ ಅವಳಿಯ ಗುಣವನ್ನು ದಖ್ಖನಿ ಕುರಿಗೆ ಸೇರಿಸುವ ಕೆಲಸ 1990ರ ದಶಕದಲ್ಲಿ ಅಲ್ಲಿ ಆರಂಭವಾಯಿತು. ಅದನ್ನು ಮುಂದುವರಿಸಿದವರು ಡಾ. ಚಂದಾ ನಿಂಬಕರ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಡಿ.ಎನ್.ಎ. ಪರೀಕ್ಷೆಯಲ್ಲಿ ಕೈಜೋಡಿಸಿತು, ಆಸ್ಟ್ರೇಲಿಯದ ವಿಜ್ಞಾನಿಗಳೂ ಕೂಡಿದರು. ಇದರ ಫಲವಾಗಿ ಬಂದ ತಳಿಯೇ 'ನಾರಿ ಸುವರ್ಣ'. ಇಲ್ಲಿ ನಾರಿ ಎಂದರೆ ಹೆಂಗಸು ಎಂದಲ್ಲ, ಸಂಸ್ಥೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ಆದದ್ದು. ಈ ತಳಿಯಲ್ಲಿ ದಖ್ಖನಿ, ಗರೋಲ್ ಅಲ್ಲದೆ ಮಂಡ್ಯ ಸೀಮೆಯ ಬನ್ನೂರು ಕುರಿಯ ರಕ್ತವೂ ಹಾಲಿಗೆ ಹೆಸರಾದ ಇಸ್ರೇಲಿನ ಅವಾಸಿ ಕುರಿಯ ರಕ್ತವೂ ಕೂಡಿವೆ. ಕರ್ನಾಟಕದ ಕುರಿಗಾರರಲ್ಲೂ ಈ ಹೆಸರು ಈಗ ಚೆನ್ನಾಗಿ ಪರಿಚಿತ.

ಈ ಕೆಲಸದ ಕಷ್ಟವೇನೆಂಬುದನ್ನು ಮಾಡಗ್ಯಾಳದ ಕುರಿಯನ್ನೇ ಉದಾಹರಣೆಯಾಗಿಟ್ಟು ಲೆಕ್ಕ ಹಾಕಿ ನೋಡೋಣ. ಮಾಡಗ್ಯಾಳದ ಎತ್ತರದ ಕುರಿಗೆ ಗರೋಲಿನ ಗಿಡ್ಡ ಟಗರನ್ನು ಬಿಟ್ಟರೆ ಹುಟ್ಟುವ ಮರಿಗಳಲ್ಲಿ ಅವಳಿಯ ಜೀನು ಬಂತು, ಸರಿ. ಆದರೆ ಅರ್ಧದಷ್ಟು ಗಿಡ್ಡತನವೂ ಬಂತು. ಅಂಥ ಕುರಿಯನ್ನು ಸಂತೆಯಲ್ಲಿ ಕೇಳುವವರಾರು? ಆದುದರಿಂದ ಜೀನು ಇರುವ ಮರಿಯನ್ನು ಮತ್ತೆ ಮಾಡಗ್ಯಾಳದ ಕುರಿಗೇ ಕೂಡಿಸಬೇಕು. ಆಗ ಗರೋಲಿನ ಪಾಲು ಕಾಲುಭಾಗ. ಮತ್ತೊಮ್ಮೆ ಕೂಡಿಸಿದರೆ ಎಂಟರಲ್ಲೊಂದು, ಮಗದೊಮ್ಮೆ ಹದಿನಾರರಲ್ಲೊಂದು, ಇನ್ನೊಮ್ಮೆ ಮೂವತ್ತೆರಡರಲ್ಲೊಂದು. ಮೈಯೆಲ್ಲ ಮಾಡಗ್ಯಾಳದ್ದು, ಬೇಕಾದ ಒಂದಕ್ಷರ ಮಾತ್ರ ಬಂಗಾಳದ್ದು.

ಆದರೆ ಪ್ರತಿ ತಲೆಮಾರಿನಲ್ಲೂ ಮರಿಗಳಲ್ಲಿ ಅರ್ಧಕ್ಕೆ ಮಾತ್ರ ಆ ಜೀನು ಬರುತ್ತದೆ. ಯಾವ ಅರ್ಧಕ್ಕೆ? ಹಣೆಯ ಮೇಲೆ ಬರೆದಿರುವುದಿಲ್ಲ. ಹಿಂದಿನ ಕಾಲವಾಗಿದ್ದರೆ ಒಂದೊಂದು ತಲೆಮಾರಿಗೂ ಮಕ್ಕಳು ಈಯುವ ತನಕ ಕಾದು ತಿಳಿಯಬೇಕಾಗಿತ್ತು. ಒಂದು ಜನ್ಮ ಸಾಲದು.

ಗೆಂದಾಳಿಯ ಗುರುತು

ಕಾಸರಗೋಡಿನವರಿಗೆ ಇಂಥ ಗುರುತಿನ ಮಾತು ಹೊಸತಲ್ಲ. ತೆಂಗಿನಲ್ಲಿ ಎತ್ತರದ ತಳಿಗೂ ಗಿಡ್ಡ ತಳಿಗೂ ಸಂಕರ ಮಾಡಿದ ಪ್ರಯೋಗ 1930ರ ದಶಕದಲ್ಲೇ ನಮ್ಮ ಜಿಲ್ಲೆಯ ನೀಲೇಶ್ವರದಲ್ಲಿ ನಡೆದಿತ್ತು. ಗೆಂದಾಳಿಯ ಬಗೆಯ ಕೇಸರಿ ಬಣ್ಣದ ಗಿಡ್ಡ ತಾಯಿಮರದಿಂದ ಸಂಕರದ ಸಸಿ ಎಬ್ಬಿಸುವವರು ಮಡಿಯಲ್ಲಿ ಏನು ನೋಡುತ್ತಾರೆ? ಗರಿಯ ದಂಟಿನ ಬಣ್ಣ. ದಂಟು ಕೇಸರಿಯಾಗಿಯೇ ಇದ್ದರೆ ಅದು ತಾಯಿಯ ಸ್ವಂತ ಹೂವಿನ ಸಸಿ, ಕಿತ್ತು ಬದಿಗಿಡಬೇಕು. ದಂಟು ಹಸುರು ಮಿಶ್ರಿತ ಕಂದಾಗಿದ್ದರೆ ಎತ್ತರದ ತಂದೆಯ ಅಂಶ ಬಂದಿದೆ ಎಂದರ್ಥ. ಕಾಯಿ ಬಿಡುವ ತನಕ ವರ್ಷಗಟ್ಟಲೆ ಕಾಯಬೇಕಿಲ್ಲ.

ಕುರಿಯ ಅವಳಿ ಜೀನಿಗೆ ಹೀಗೆ ಕಣ್ಣಿಗೆ ಕಾಣುವ ಬಣ್ಣದ ಗುರುತು ಇಲ್ಲ. ಆದುದರಿಂದ ಡಿ.ಎನ್.ಎ.ಯನ್ನೇ ಓದಬೇಕು. ಹುಟ್ಟಿದ ಎಳೆಮರಿಯ ರಕ್ತದ ಕೆಲವು ಹನಿ ಸಾಕು.

ಓದುವ ಬಗೆ

ಇನ್ನೂರೈವತ್ತು ಕೋಟಿ ಅಕ್ಷರಗಳ ನಡುವೆ ಒಂದನ್ನು ಹುಡುಕುವುದು ಹೇಗೆ? ಮೊದಲು ಆ ಅಕ್ಷರವಿರುವ ಸಾಲನ್ನು ಮಾತ್ರ ಕೋಟಿಗಟ್ಟಲೆ ನಕಲು ಮಾಡಬೇಕು. ಈ ನಕಲು ಯಂತ್ರದ ಹೆಸರು ನಮ್ಮ ಓದುಗರೆಲ್ಲರಿಗೂ ಗೊತ್ತು: ಪಿ.ಸಿ.ಆರ್. 2021ರಲ್ಲಿ ತಲಪಾಡಿ ಗಡಿ ದಾಟಿ ಮಂಗಳೂರಿನ ಆಸ್ಪತ್ರೆಗೂ ಕಾಲೇಜಿಗೂ ಹೋಗಬೇಕಾದವರು ಕೈಯಲ್ಲಿ ಹಿಡಿದುಕೊಂಡಿದ್ದ ಆರ್.ಟಿ.ಪಿ.ಸಿ.ಆರ್. ಚೀಟಿಯನ್ನು ಯಾರು ಮರೆತಾರು? ಅಂದು ಮೂಗಿನ ದ್ರವದಲ್ಲಿ ಕೊರೋನಾ ವೈರಸ್ಸಿನ ಆರ್.ಎನ್.ಎ. ಹುಡುಕಿದ ಉಪಾಯವೇ ಕುರಿಯ ರಕ್ತದಲ್ಲೂ ಕೆಲಸ ಮಾಡುತ್ತದೆ.

ಇದನ್ನು 1983ರಲ್ಲಿ ಯೋಚಿಸಿದವರು ಅಮೆರಿಕದ ಕ್ಯಾರಿ ಮುಲ್ಲಿಸ್. 1993ರಲ್ಲಿ ಅವರಿಗೆ ನೊಬೆಲ್ ಬಂತು. ಡಿ.ಎನ್.ಎ.ಯನ್ನು 95 ಡಿಗ್ರಿಯ ಸುಮಾರಿಗೆ ಬಿಸಿ ಮಾಡಿದರೆ ಹುರಿಯ ಎರಡೆಳೆ ಬಿಡಿಯಾಗುತ್ತವೆ. 60 ಡಿಗ್ರಿಯ ಆಸುಪಾಸಿಗೆ ತಣಿಸಿದರೆ, ನಾವು ಹಾಕಿದ ಸಣ್ಣ ತುಣುಕುಗಳು ಬೇಕಾದ ಸಾಲಿನ ಎರಡು ತುದಿಗೆ ಹೋಗಿ ಅಂಟಿಕೊಳ್ಳುತ್ತವೆ. 72 ಡಿಗ್ರಿಗೆ ಏರಿಸಿದರೆ ಒಂದು ಕಿಣ್ವ ಆ ತುದಿಯಿಂದ ಹೊಸ ಎಳೆ ನೇಯುತ್ತದೆ. ಕುದಿನೀರಿನ ಹತ್ತಿರದ ಬಿಸಿಯನ್ನೂ ತಾಳುವ ಈ ಕಿಣ್ವ ಮೊದಲು ದೊರೆತದ್ದು ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರಿನ ಬುಗ್ಗೆಯಲ್ಲಿ ಬದುಕುವ ಒಂದು ಅಣುಜೀವಿಯಿಂದ. ಒಂದು ಸುತ್ತಿಗೆ ಒಂದು ಎರಡಾಯಿತು, ಮತ್ತೊಂದು ಸುತ್ತಿಗೆ ನಾಲ್ಕು. ಹೀಗೆ ಮೂವತ್ತು ಸುತ್ತು ಆದರೆ ಲೆಕ್ಕದ ಪ್ರಕಾರ ಒಂದು ನೂರು ಕೋಟಿಯನ್ನು ದಾಟುತ್ತದೆ. ಚದುರಂಗದ ಮನೆಯಿಂದ ಮನೆಗೆ ಕಾಳು ಇಮ್ಮಡಿಸಿದ ಹಳೆಯ ಕಥೆ ಇಲ್ಲಿ ನಿಜವಾಗಿದೆ.

ಮುಂದಿನ ಹೆಜ್ಜೆ ಕತ್ತರಿಯದು. ಅಣುಜೀವಿಗಳಲ್ಲಿ ಡಿ.ಎನ್.ಎ.ಯನ್ನು ಗೊತ್ತಾದ ಅಕ್ಷರಸಾಲು ಕಂಡಲ್ಲಿ ಮಾತ್ರ ಕತ್ತರಿಸುವ ಕಿಣ್ವಗಳಿವೆ. ಇವುಗಳನ್ನು ಬಯಲಿಗೆ ತಂದ ಮೂವರಿಗೆ 1978ರಲ್ಲಿ ನೊಬೆಲ್ ಸಂದಿತು. ಕುರಿಯ ಪರೀಕ್ಷೆಯಲ್ಲಿ ನಕಲಾದ ತುಣುಕಿನ ಉದ್ದ 190 ಅಕ್ಷರ. ಆ ಜಾಗದಲ್ಲಿ ಹಳೆಯ ಎ ಇದ್ದರೆ ಕತ್ತರಿ ಮುಟ್ಟುವುದಿಲ್ಲ, ತುಣುಕು 190 ಆಗಿಯೇ ಉಳಿಯುತ್ತದೆ. ಹೊಸ ಜಿ ಇದ್ದರೆ 160 ಮತ್ತು 30 ಎಂದು ಎರಡು ತುಂಡು.

ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸಲು ಒಂದು ಬಗೆಯ ಲೋಳೆಯ ಹಲ್ವ ಬೇಕು. ಅದಕ್ಕೆ ಸಾಮಾನ್ಯವಾಗಿ ಬಳಸುವ ಅಗರೋಸ್ ಬರುವುದು ಕಡಲಪಾಚಿಯಿಂದ. ನಮ್ಮ ಮನೆಗಳಲ್ಲಿ ಪುಡ್ಡಿಂಗ್ ಮಾಡುವ ಚೈನಾಗ್ರಾಸ್‌ನ ಶುದ್ಧಗೊಳಿಸಿದ ತಂಗಿ ಎನ್ನಬಹುದು. ವಿದ್ಯುತ್ ಹರಿಸಿದರೆ ಸಣ್ಣ ತುಂಡು ಬೇಗ ಓಡುತ್ತದೆ, ದೊಡ್ಡದು ಹಿಂದೆ ಉಳಿಯುತ್ತದೆ. ಬಣ್ಣ ಕೊಟ್ಟು ಬೆಳಕಿನಲ್ಲಿ ನೋಡಿದರೆ ಗೆರೆಗಳು ಕಾಣುತ್ತವೆ. 190ರ ಗೆರೆ ಮಾತ್ರ ಇದ್ದರೆ ಮರಿಗೆ ಅವಳಿಯ ಜೀನು ಬಂದಿಲ್ಲ. 160ರದ್ದು ಮಾತ್ರ ಇದ್ದರೆ ತಾಯಿಯಿಂದಲೂ ತಂದೆಯಿಂದಲೂ ಬಂದಿದೆ, ಎರಡು ಪ್ರತಿ. ಎರಡೂ ಗೆರೆ ಇದ್ದರೆ ಒಬ್ಬರಿಂದ ಮಾತ್ರ ಬಂದಿದೆ, ಒಂದು ಪ್ರತಿ. ಮೂರು ವರ್ಷ ಕಾದು ತಿಳಿಯಬೇಕಾದದ್ದು ಮರಿ ಹಾಲು ಕುಡಿಯುತ್ತಿರುವಾಗಲೇ ತಿಳಿಯಿತು.

ಇದು ಕುಲಾಂತರಿಯೇ?

ಇಲ್ಲಿ ಒಂದು ಸಂದೇಹವನ್ನು ನಿವಾರಿಸಬೇಕು. ಜೀನು ಎಂಬ ಮಾತು ಕೇಳಿದೊಡನೆ ಕೆಲವರು 'ಏನೋ ಚುಚ್ಚಿ ಬೇರೆ ಪ್ರಾಣಿ ಮಾಡಿದ್ದಾರೆ' ಎಂದು ಹೌಹಾರುತ್ತಾರೆ. ನಾರಿ ಸುವರ್ಣದಲ್ಲಿ ಯಾರೂ ಏನನ್ನೂ ಚುಚ್ಚಿಲ್ಲ. ಕುರಿ ಟಗರನ್ನು ಕೂಡಿತು, ಮರಿ ಹುಟ್ಟಿತು. ಅಜ್ಜನ ಕಾಲದಲ್ಲಿ ನಡೆದದ್ದೇ ಈಗಲೂ ನಡೆದದ್ದು. ಹೊಸ ವಿಜ್ಞಾನ ಮಾಡಿದ್ದು ಓದುವ ಕೆಲಸ ಮಾತ್ರ.

ಬರೆಯುವ ಕೆಲಸ ಬೇರೆ. ಮನುಷ್ಯನ ಇನ್ಸುಲಿನಿನ ಪಾಠವನ್ನು ಅಣುಜೀವಿಯೊಳಗೆ ಸೇರಿಸಿ ತಯಾರಿಸಿದ ಔಷಧಕ್ಕೆ 1982ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. ಮಧುಮೇಹದವರು ಚುಚ್ಚಿಕೊಳ್ಳುವ ಇನ್ಸುಲಿನ್ ಇಂದು ಹೆಚ್ಚಾಗಿ ಈ ಬಗೆಯದೇ. ಮಣ್ಣಿನ ಒಂದು ಅಣುಜೀವಿಯ ಜೀನನ್ನು ಹೊತ್ತ ಬಿ.ಟಿ. ಹತ್ತಿಗೆ ಭಾರತದಲ್ಲಿ 2002ರಲ್ಲಿ ಅನುಮತಿ ಬಂತು. ಇವು ಕುಲಾಂತರಿ. 1996ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಡಾಲಿ ಎಂಬ ಕುರಿ ಇನ್ನೊಂದು ಬಗೆ, ಒಂದು ಕುರಿಯ ಕೆಚ್ಚಲಿನ ಕೋಶದಿಂದ ತೆಗೆದ ಪಡಿಯಚ್ಚು. ಇದ್ದ ಜೀನಿನಲ್ಲೇ ತಿದ್ದುಪಡಿ ಮಾಡಿದ ಕುರಿಮರಿಯನ್ನು ಕಾಶ್ಮೀರದ ಕೃಷಿ ವಿಶ್ವವಿದ್ಯಾನಿಲಯದವರು 2025ರಲ್ಲಿ ಪ್ರಕಟಪಡಿಸಿದರು. ಇವೆಲ್ಲಕ್ಕೂ ಜೈವಿಕ ತಂತ್ರಜ್ಞಾನವೆಂಬ ಒಂದೇ ಹೆಸರಿದ್ದರೂ ಓದುವುದಕ್ಕೂ ನಕಲಿಸುವುದಕ್ಕೂ ತಿದ್ದುವುದಕ್ಕೂ ಇರುವ ಅಂತರವನ್ನು ನಾವು ತಿಳಿದಿರಬೇಕು. ಹಾಲಿಗೆ ಹೆಪ್ಪು ಹಾಕುವುದೂ ದೋಸೆಯ ಹಿಟ್ಟನ್ನು ಹುಳಿಬರಿಸುವುದೂ ಒಂದರ್ಥದಲ್ಲಿ ಅದೇ ತಂತ್ರದ ಅಜ್ಜಿಮನೆ.

ಎರಡು ಹುಟ್ಟಿದರೆ ಸಾಕೆ?

ಈಗ ಮತ್ತೆ ಹಟ್ಟಿಗೆ ಬರೋಣ. ಅವಳಿ ಜೀನಿನ ಒಂದು ಪ್ರತಿ ಇರುವ ದಖ್ಖನಿ ಕುರಿ, ಸರಾಸರಿಯಲ್ಲಿ, ಒಂದು ಸೂಲಿಗೆ ಸುಮಾರು ಅರ್ಧ ಮರಿ ಹೆಚ್ಚು ಕೊಡುತ್ತದೆ. ಅಂದರೆ ಎರಡು ಸೂಲಿನಲ್ಲಿ ಒಂದು ಅವಳಿ ಎಂದುಕೊಳ್ಳಬಹುದು. ನಲವತ್ತು ಕುರಿ ಇದ್ದವನಿಗೆ ಲೆಕ್ಕದಲ್ಲಿ ಇಪ್ಪತ್ತು ಮರಿ ಲಾಭ. ಕೇಳಲು ಸೊಗಸು.

ಆದರೆ ಕುರಿಗೆ ಇರುವುದು ಎರಡೇ ಮೊಲೆ. ಆ ಎರಡಕ್ಕೂ ಹಾಲು ಬರುವುದು ಮೇವಿನಿಂದ. ಜತ್ತದಂಥ ನೆಲದಲ್ಲಿ ಫೆಬ್ರವರಿ ಕಳೆದರೆ ಬಯಲು ಬೋಳು. ಗಬ್ಬದ ಕೊನೆಯ ತಿಂಗಳುಗಳಲ್ಲಿ ತಾಯಿಗೆ ಕಾಳು, ಹಿಂಡಿ ಕೊಡದಿದ್ದರೆ ಅವಳಿಗಳು ತೂಕವಿಲ್ಲದೆ ಹುಟ್ಟುತ್ತವೆ. ಹಾಲು ಸಾಲದೆ ಒಂದು ಮರಿ ಸತ್ತರೆ ಲಾಭವೆಲ್ಲಿ? ತಾಯಿಯೂ ಸೊರಗುವುದರಿಂದ ಅದು ನಷ್ಟವೇ. ಎರಡು ಪ್ರತಿ ಇರುವ ಕುರಿಯಲ್ಲಿ ಮೂರು ಮರಿ ಹುಟ್ಟುವ ಸಂಭವವೂ ಇದೆ, ಅದು ಇನ್ನೂ ಕಷ್ಟ. ಹಿಂಡಿನೊಂದಿಗೆ ಊರೂರು ಅಲೆಯುವವರಿಗಂತೂ ಎಳೆಮರಿಗಳನ್ನು ಹೊತ್ತೊಯ್ಯುವುದೇ ಒಂದು ಕೆಲಸ. ಮರಿಗಳ ಹಾಲಿಗೆಂದು ಹಿಂಡಿನಲ್ಲಿ ನಾಲ್ಕು ಆಡು ಇಟ್ಟುಕೊಳ್ಳುವ ಹಿರಿಯರ ಕ್ರಮ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಮಾತು. ಮಾಡಗ್ಯಾಳದ ಕುರಿ ಆ ಬಿಸಿಲಿಗೆ, ಆ ದೂರದ ನಡಿಗೆಗೆ, ಆ ಒಣ ಹುಲ್ಲಿಗೆ ತಲೆತಲಾಂತರದಿಂದ ಒಗ್ಗಿಕೊಂಡ ಪ್ರಾಣಿ. ಆ ಗುಣಗಳ ಹಿಂದೆ ಒಂದಕ್ಷರವಲ್ಲ, ನೂರಾರು ಪಾಠಗಳು ಸೇರಿರಬೇಕು. ಅವಳಿಯ ಆಸೆಗೆ ಸಿಕ್ಕಸಿಕ್ಕ ಟಗರನ್ನು ಬಿಟ್ಟು ಹಿಂಡನ್ನು ಕಲಬೆರಕೆ ಮಾಡಿಕೊಂಡರೆ, ಕಳೆದುಹೋದದ್ದನ್ನು ಮರಳಿ ಪಡೆಯಲಾಗದು. ಬಾಗಿದ ಮೂಗನ್ನು ಕಂಡು ಟಗರನ್ನು ಆರಿಸಿದ ಕುರುಬನ ಕಣ್ಣಿಗೂ ರಕ್ತದ ಹನಿಯನ್ನು ಓದಿದ ಪ್ರಯೋಗಶಾಲೆಗೂ ಜಗಳವಿಲ್ಲ. ಕಣ್ಣಿಗೆ ಕಾಣದ ಒಂದನ್ನು ಪ್ರಯೋಗಶಾಲೆ ಹೇಳುತ್ತದೆ, ಉಳಿದದ್ದನ್ನೆಲ್ಲ ನೋಡಬೇಕಾದವನು ಕುರುಬನೇ.

ಆದುದರಿಂದ ಅವಳಿ ತಳಿಯ ಟಗರು ಕೊಳ್ಳುವವರು, ಅವರು ಜತ್ತದವರಿರಲಿ, ವಿಜಯಪುರದವರಿರಲಿ, ಮೂರು ಪ್ರಶ್ನೆ ಕೇಳಬೇಕು. ಒಂದು: ಈ ಟಗರಿನ ಡಿ.ಎನ್.ಎ. ಪರೀಕ್ಷೆ ಆಗಿದೆಯೇ, ಅದರ ಕಾಗದ ಎಲ್ಲಿ? ಹೆಸರು ಹೇಳಿ ಮಾರುವುದು ಸುಲಭ, ಜೀನು ಮಾತ್ರ ಮುಖದಲ್ಲಿ ಕಾಣುವುದಿಲ್ಲ. ಎರಡು: ಜೀನಿನ ಪ್ರತಿ ಒಂದೋ ಎರಡೋ? ಎರಡು ಪ್ರತಿಯ ಟಗರನ್ನು ಸಾಮಾನ್ಯ ಕುರಿಗೆ ಬಿಟ್ಟರೆ ಎಲ್ಲ ಮರಿಗಳಿಗೂ ಒಂದೊಂದು ಪ್ರತಿ ಬರುತ್ತದೆ. ಒಂದು ಪ್ರತಿಯದಾದರೆ ಅರ್ಧದಷ್ಟು ಮರಿಗಳಿಗೆ ಮಾತ್ರ. ಮೂರನೆಯ ಪ್ರಶ್ನೆಯನ್ನು ಮಾರುವವನಲ್ಲಿ ಕೇಳುವುದಲ್ಲ, ತನ್ನಲ್ಲೇ ಕೇಳಿಕೊಳ್ಳುವುದು: ಬೇಸಗೆಯಲ್ಲಿ ಎರಡು ಮರಿಗೆ ಸಾಲುವಷ್ಟು ಮೇವು ನನ್ನಲ್ಲಿದೆಯೇ?

ಈ ಮೂರು ಪ್ರಶ್ನೆ ಕೇಳಬಲ್ಲವನಿಗೆ ಜೀನು ಯಾವುದು, ಪ್ರತಿ ಎಂದರೇನು ಎಂಬುದು ತಾನಾಗಿ ಗೊತ್ತಾದಂತೆಯೇ. ಜತ್ತದ ಕನ್ನಡ ಶಾಲೆಯ ಹುಡುಗನೂ ಕಾಸರಗೋಡಿನ ಕನ್ನಡ ಶಾಲೆಯ ಹುಡುಗಿಯೂ ಇದನ್ನು ಮನೆಮಾತಿನಲ್ಲೇ ತಿಳಿಯಬಹುದು. ಈ ವಾರ ಮನೆಯಲ್ಲಿ ಯಾರಾದರೂ ಡಿ.ಎನ್.ಎ. ಎಂದರೇನೆಂದು ಕೇಳಿದರೆ ಮಾಷ್ಟ್ರಲ್ಲಿಗೆ ಕಳುಹಿಸುವ ಮೊದಲು ಒಂದು ಕುರಿಯ ಕಥೆ ಹೇಳಿ ನೋಡಿರಿ.